ಪ್ರಜಲು ಎಂದರೆ ಯಾರು?

ತೆಲುಗಿನಿಂದ ಕನ್ನಡಕ್ಕೆ ಅನುವಾದ ಮಾಡುವ ನನಗೆ ಹೆಚ್ಚು ಕಾಟ ಕೊಡುವುದು ಕಠಿಣ ಪದಗಳಲ್ಲ, ಎರಡೂ ಭಾಷೆಗಳಲ್ಲಿ ಒಂದೇ ಥರ ಕಾಣುವ ಪದಗಳು. ‘ಪ್ರಜಲು’ ಅಂಥದ್ದೊಂದು. ತೆಲುಗಿನಲ್ಲಿ ಅದು ನಮ್ಮ ‘ಜನ’ ಇದ್ದ ಹಾಗೆ. ಕನ್ನಡದಲ್ಲಿ ‘ಪ್ರಜೆಗಳು’ ಎಂದರೆ ಮಾತ್ರ ಎದುರಿಗೊಂದು ಸಿಂಹಾಸನ ಬೇಕೆನಿಸುತ್ತದೆ. ಹಾಗಾಗಿ ಮಾಂತ್ರಿಕರು, ರಾಜಕುಮಾರಿಯರು ಇರುವ ಸಿನಿಮಾದ ಸಬ್‌ಟೈಟಲ್‌ನಲ್ಲಿ ‘ಪ್ರಜೆಗಳು’ ಎನ್ನುತ್ತೇನೆ, ಮಂತ್ರಿಯ ಭಾಷಣದಲ್ಲಿ ‘ಜನರು’ ಎನ್ನುತ್ತೇನೆ. ತೊಂದರೆಯೆಂದರೆ, ಭಾಷಣವೂ ಕೆಲವೊಮ್ಮೆ ಅದೇ ಸಿನಿಮಾದಿಂದ ಎದ್ದು ಬಂದಂತಿರುತ್ತದೆ.

ಅಂಥ ಸಿನಿಮಾಗಳಿಗೆ ತೆಲುಗಿನವರು ‘ಜಾನಪದಂ’ ಎನ್ನುತ್ತಾರೆ. ನಾವು ಜಾನಪದ ಎಂದರೆ ಬೀಸುವ ಕಲ್ಲಿನ ಹಾಡು, ಗೀಗೀಪದ ನೆನೆಯುತ್ತೇವೆ. ಅವರಿಗೆ ಅದು ಕತ್ತಿವರಸೆ, ಮಂತ್ರದಂಡ, ಏಳು ಸಮುದ್ರದಾಚೆಯ ಗುಹೆ. ಫ್ಯಾಂಟಸಿ ಎಂಬ ಪದ ಬರುವ ಮೊದಲೇ ಅವರಲ್ಲಿ ಅದಕ್ಕೊಂದು ಹೆಸರಿತ್ತು.

ಆ ಲೋಕ ನಮ್ಮ ಮನೆಗೂ ಬಂದಿತ್ತು. ಅಜ್ಜನ ಮನೆಯ ಅಟ್ಟದ ಮೇಲೆ ಹೊಲಿಗೆ ಹಾಕಿಟ್ಟ ಹಳೆಯ ‘ಚಂದಮಾಮ’ಗಳಲ್ಲಿ ಅದನ್ನು ಓದಿ ಬೆಳೆದೆ. ಅದು ತೆಲುಗಿನಲ್ಲಿ ಹುಟ್ಟಿದ್ದೆಂದು ತಿಳಿದದ್ದು ಹೈದರಾಬಾದಿಗೆ ಬಂದ ಮೇಲೆ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಪತ್ರಿಕೆ ಶುರು ಮಾಡಿದರು. ಕನ್ನಡದ್ದು 1949ರಲ್ಲಿ ಬಂತು. ಮಾಂತ್ರಿಕರ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆಯುತ್ತಿದ್ದವರು ದಾಸರಿ ಸುಬ್ರಹ್ಮಣ್ಯಂ. ದಶಕಗಳ ಕಾಲ ಸಂಪಾದನೆಯ ಹೊಣೆ ಹೊತ್ತವರು ಎಡಪಂಥೀಯ ಕಥೆಗಾರ ಕೊಡವಟಿಗಂಟಿ ಕುಟುಂಬರಾವ್. ರಾಜರ ಕಥೆಗಳನ್ನು ತಿದ್ದಿ ತೀಡುತ್ತಿದ್ದವರು ರಾಜರನ್ನು ಒಪ್ಪುವವರಾಗಿರಲಿಲ್ಲ!

ನಾಗಿರೆಡ್ಡಿ–ಚಕ್ರಪಾಣಿ ಜೋಡಿಯೇ ವಿಜಯಾ ಪ್ರೊಡಕ್ಷನ್ಸ್‌ನ ಒಡೆಯರು. ಅವರ 1951ರ ‘ಪಾತಾಳ ಭೈರವಿ’ಯಲ್ಲಿ ತೋಟದ ಮಾಲಿಯ ಮಗ ರಾಮುಡು ಮಾಂತ್ರಿಕನನ್ನು ಗೆದ್ದು ರಾಜಕುಮಾರಿಯ ಕೈ ಹಿಡಿಯುತ್ತಾನೆ. ಆ ಪಾತ್ರ ಎನ್.ಟಿ. ರಾಮರಾವ್ ಅವರದು. 1957ರ ‘ಮಾಯಾಬಜಾರ್’ನಲ್ಲಿ ಅವರೇ ಕೃಷ್ಣ. 1982ರ ಮಾರ್ಚ್ 29ರಂದು ಅವರು ತೆಲುಗು ದೇಶಂ ಕಟ್ಟಿದರು. ಒಂಬತ್ತೇ ತಿಂಗಳಲ್ಲಿ, 1983ರ ಜನವರಿ 9ರಂದು, ಹೈದರಾಬಾದಿನ ಲಾಲ್ ಬಹದ್ದೂರ್ ಸ್ಟೇಡಿಯಂನಲ್ಲಿ ಮುಖ್ಯಮಂತ್ರಿಯಾದರು.

ತೆರೆಯ ಮೇಲಿನ ಕೃಷ್ಣನನ್ನು ದೇವರೆಂದು ನಂಬಿ ಜನ ವೋಟು ಹಾಕಿದರು ಎಂದು ಹೇಳಿ ಮುಗಿಸುವುದು ಸುಲಭ. ನನಗದು ಜನರನ್ನು ಕೀಳಾಗಿ ಕಂಡಂತೆ ತೋರುತ್ತದೆ. 1978ರಿಂದ ಐದು ವರ್ಷದಲ್ಲಿ ಕಾಂಗ್ರೆಸ್ ಅಲ್ಲಿ ನಾಲ್ವರು ಮುಖ್ಯಮಂತ್ರಿಗಳನ್ನು ಕೂರಿಸಿತ್ತು. ರಾಮರಾವ್ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಡುತ್ತೇನೆಂದಿದ್ದರು. ಜನರ ಕಾರಣಗಳು ನೆಲದ ಮೇಲಿನವೇ. ಫ್ಯಾಂಟಸಿ ಕೊಟ್ಟದ್ದು ಒಂದು ವಾಕ್ಯರಚನೆ: ಮೋಸಕ್ಕೊಳಗಾದ ನಾಡು, ಕಾಯುವ ಪ್ರಜೆ, ಬಂದೇ ಬರುವ ವೀರ. ಆ ವಾಕ್ಯದಲ್ಲಿ ಕರ್ತೃ ಯಾವಾಗಲೂ ವೀರನೇ, ಜನ ಕರ್ಮಪದ.

ಅದೇ 1982ರಲ್ಲಿ ಕರ್ನಾಟಕದಲ್ಲಿ ಮಯೂರನೂ ಬಭ್ರುವಾಹನನೂ ಆಗಿದ್ದ ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಧುಮುಕಿದರು. ಊರೂರಿನಲ್ಲಿ ಜನಸಾಗರ. ಆದರೂ ಅಣ್ಣಾವ್ರು ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಕಿರೀಟ ತೊಟ್ಟ ಪಾತ್ರಗಳು ಇಬ್ಬರಿಗೂ ಇದ್ದವು. ಕಥೆ ತಾನಾಗಿ ಯಾರನ್ನೂ ಗದ್ದುಗೆಗೆ ಏರಿಸುವುದಿಲ್ಲ, ಯಾರಾದರೂ ಅದನ್ನು ಬಳಸಬೇಕು.

ಬಳಕೆ ನಿಂತಿಲ್ಲ. 2023ರ ಡಿಸೆಂಬರ್ 7ರಂದು ಅದೇ ಸ್ಟೇಡಿಯಂನಲ್ಲಿ ರೇವಂತ್ ರೆಡ್ಡಿ ಪ್ರಮಾಣವಚನ ಸ್ವೀಕರಿಸಿದರು. ಅದುವರೆಗೆ ಅವರು 30 ಲಕ್ಷಕ್ಕೂ ಹೆಚ್ಚು ಮತದಾರರಿರುವ ನಮ್ಮ ಮಲ್ಕಾಜ್‌ಗಿರಿಯ ಸಂಸದ. ಅಂದೇ ಪ್ರಗತಿ ಭವನದ ಮುಂದಿನ ಕಬ್ಬಿಣದ ಬೇಲಿ ಕಿತ್ತರು, ಅದು ಪ್ರಜಾ ಭವನವಾಯಿತು. ಕೋಟೆಯ ಬಾಗಿಲು ತೆರೆಯುವ ದೃಶ್ಯ. ಮರುದಿನ ಅಲ್ಲಿ ಅಹವಾಲು ಕೇಳುವ ಕಾರ್ಯಕ್ರಮಕ್ಕೆ ಇಟ್ಟ ಹೆಸರು ‘ಪ್ರಜಾ ದರ್ಬಾರ್’. ಬೇಲಿ ಹೋದರೂ ದರ್ಬಾರು ಉಳಿಯಿತು. ಕೆಲವೇ ದಿನಗಳಲ್ಲಿ ಹೆಸರು ‘ಪ್ರಜಾವಾಣಿ’ ಆಯಿತು. ಮುಂದಿನ ವರ್ಷ ಸಚಿವಾಲಯದಲ್ಲಿ ತೆಲಂಗಾಣ ತಲ್ಲಿಯ ಹೊಸ ಪ್ರತಿಮೆ ನಿಂತಾಗ ತಲೆಯ ಮೇಲೆ ಕಿರೀಟವಿರಲಿಲ್ಲ. ವಿರೋಧ ಪಕ್ಷ ಸಿಟ್ಟಾಯಿತು. ಕಿರೀಟ ಇಡುವುದೂ ತೆಗೆಯುವುದೂ ಇಲ್ಲಿ ಇನ್ನೂ ರಾಜಕೀಯವೇ.

ಸಂಸ್ಕೃತದಲ್ಲಿ ‘ಪ್ರಜಾ’ ಎಂದರೆ ಮೊದಲಿಗೆ ಸಂತಾನ. ರಾಜ ತಂದೆ, ನಾವು ಮಕ್ಕಳು. ಯಾವುದಾದರೂ ಭಾಷಣದಲ್ಲಿ ಆ ತಂದೆಯ ದನಿ ಕೇಳಿಸಿದರೆ ನಾನು ‘ಜನರು’ ಎಂದು ನಯಗೊಳಿಸುವುದಿಲ್ಲ, ‘ಪ್ರಜೆಗಳು’ ಎಂದೇ ಬರೆಯುತ್ತೇನೆ. ಸಂಪಾದಕರು ಕೆಲವೊಮ್ಮೆ ತಿದ್ದುತ್ತಾರೆ. ಓದುಗರಿಗೂ ಆ ದನಿ ಕೇಳಿಸಲಿ ಎಂಬುದು ನನ್ನ ಹಟ.

ಹಾಗೆಂದು ಮಕ್ಕಳ ಕೈಯಿಂದ ರಾಜರ ಕಥೆ ಕಿತ್ತುಕೊಳ್ಳಬೇಕೆಂದು ನನಗೆ ಅನಿಸಿಲ್ಲ. ಬೇತಾಳನ ಕಥೆಗಳು ಮೂಲದಲ್ಲಿ 25. ‘ಚಂದಮಾಮ’ ಅದೇ ಚೌಕಟ್ಟಿನಲ್ಲಿ ದಶಕಗಟ್ಟಲೆ ಹೊಸ ಕಥೆ ಹೇಳಿತು. ಅಲ್ಲಿ ರಾಜ ಹೆಣ ಹೊರುವ ಆಳು, ಪ್ರಶ್ನೆ ಕೇಳುವುದು ಹೆಗಲ ಮೇಲಿನ ಹೆಣ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ. ಉತ್ತರಿಸಿದರೆ ಹೊಗಳಿಕೆಯೂ ಇಲ್ಲ, ಬೇತಾಳ ಮತ್ತೆ ಮರಕ್ಕೆ, ರಾಜ ಮತ್ತೆ ಮರದ ಬುಡಕ್ಕೆ. ಓದುವಾಗ ನಾವೆಲ್ಲ ವಿಕ್ರಮನ ಜಾಗದಲ್ಲಿ ನಿಂತು ಉತ್ತರ ಹುಡುಕಿದವರು. ನಮ್ಮ ಜಾಗ ಆ ಹೆಗಲ ಮೇಲಿತ್ತು.