ಕೊಳ್ಳದೆ ಬಿಟ್ಟ ಗಿಡ

ಕೊಂಡು ಕೆಟ್ಟವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೊಳ್ಳದೆ ಕೆಟ್ಟವರು ಮಾತ್ರ ಬಾಯಿ ಬಿಡುವುದಿಲ್ಲ. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಒಮ್ಮೆ ಕಿಟ್ಟೆಲ್ ನಿಘಂಟಿನ 1894ರ ಮುದ್ರಣ ಕಣ್ಣಿಗೆ ಬಿದ್ದಿತು. ನಾಳೆ ಬಂದರೆ ಬೆಲೆ ಇಳಿದೀತೆಂದು ಲೆಕ್ಕ ಹಾಕಿ ಹಿಂದಿರುಗಿದೆ. ಮರುದಿನ ಪುಸ್ತಕವೇ ಇರಲಿಲ್ಲ. ಆದರೂ ಪುಸ್ತಕಕ್ಕೆ ಎಲ್ಲಿಯೋ ಇನ್ನೊಂದು ಪ್ರತಿಯುಂಟು. ಮರದ ಮಾತು ಹಾಗಲ್ಲವೆಂದು ನನಗೆ ಕಲಿಸಿದ್ದು ಸಾಗರದ ಸೀಮೆ.

2018ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನಾಕೆಯೂ ಅತ್ತ ಪ್ರವಾಸ ಹೋಗಿದ್ದೆವು. ಇಕ್ಕೇರಿಯಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಅಘೋರೇಶ್ವರ ದೇವಾಲಯವನ್ನೂ ಅದರೆದುರಿನ ಮಂಟಪದ ಹಿರಿಯ ನಂದಿಯನ್ನೂ ಕಂಡು, ವರದಾ ನದಿ ಹುಟ್ಟುವ ವರದಾಮೂಲಕ್ಕೆ ಹೋದೆವು. ಅಲ್ಲಿಂದ ಕೆಮ್ಮಣ್ಣಿನ ದಾರಿಯಲ್ಲಿ ಅಡಕೆ ತೋಟಗಳ ತಂಪಿನಲ್ಲಿ ನಡೆಯುತ್ತಿರುವಾಗ, ಒಂದು ಮನೆಯ ಅಂಗಳದಲ್ಲಿ ಸೋಗೆಯ ಚಪ್ಪರದಡಿ ಕಸಿ ಗಿಡಗಳ ಸಾಲು ಕಂಡಿತು. ಮನೆಯ ಯಜಮಾನರು ಎಪ್ಪತ್ತರ ಹತ್ತಿರದವರು. ನೀರು ಬೆಲ್ಲ ಕೊಟ್ಟು ಕೂರಿಸಿದರು.

ಅವೆಲ್ಲ ಅಪ್ಪೆಮಿಡಿಯ ಗಿಡಗಳು. ಮಲೆನಾಡಿನ ಹೊಳೆ ಹಳ್ಳಗಳ ದಡದಲ್ಲಿ ತಾನಾಗಿ ಬೆಳೆಯುವ ಈ ಕಾಡುಮಾವಿನ ಹಿರಿಮೆಯಿರುವುದು ಹಣ್ಣಿನಲ್ಲಲ್ಲ, ಎಳೆಯ ಮಿಡಿಯಲ್ಲಿ. ತೊಟ್ಟು ಕೀಳದಂತೆ ಕೊಯ್ದು ಉಪ್ಪಿಗೆ ಹಾಕಬೇಕು. ಒಳಗಿನ ಸೊನೆಯೇ ಅದನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಒಂದು ಮರದ ಮಿಡಿ ಜೀರಿಗೆಯಂತೆ ಗಮಗಮಿಸಿದರೆ ಮತ್ತೊಂದರದು ಕರ್ಪೂರದ ಪರಿಮಳ. ‘ಅನಂತಭಟ್ಟನ ಅಪ್ಪೆ’ ಎಂಬಂತೆ ಮನುಷ್ಯರ ಹೆಸರು ಹೊತ್ತ ತಳಿಗಳೂ ಉಂಟು. ಆದರೆ ಓಟೆ ಬಿತ್ತಿದರೆ ತಾಯಿಯ ಗುಣ ಬಂದೀತೆಂಬ ಭರವಸೆಯಿಲ್ಲ. ಆ ಮರದ ಕಡ್ಡಿಯನ್ನೇ ತಂದು ಬೇರೊಂದು ಸಸಿಗೆ ಕಸಿ ಕಟ್ಟಬೇಕು. ಮರ ಹೋಯಿತೆಂದರೆ ಆ ರುಚಿಯೂ ಹೋದಂತೆಯೇ.

“ನಮ್ಮ ಹಳೇ ಮನೆ ಶರಾವತಿ ಕಣಿವೆಯಲ್ಲಿತ್ತು,” ಎಂದರು ಯಜಮಾನರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. “ಅಪ್ಪಯ್ಯ ಬಾಗಿಲು, ತೊಲೆ, ಒನಕೆ ಎಲ್ಲ ಹೇರಿಕೊಂಡು ಬಂದರು. ಹಿತ್ತಲಿನ ಅಪ್ಪೆ ಮರದ ಒಂದು ಕಡ್ಡಿ ತರಬೇಕು ಅಂತ ಯಾರಿಗೂ ಹೊಳೀಲಿಲ್ಲ. ಅದಕ್ಕೇ ಎಲ್ಲಿ ಒಳ್ಳೇ ಮರ ಕಂಡರೂ ನಾನು ಕಸಿ ಕಟ್ತೇನೆ.”

ಬಳಿಕ ಒಂದು ಮಿಡಿಯ ತೊಟ್ಟು ಮುರಿದು ನನ್ನಾಕೆಗೆ ಕೊಟ್ಟರು. ಅಂಥ ಜೀರಿಗೆಯ ಗಮವನ್ನು ನಾವು ಅದುವರೆಗೆ ಕಂಡಿರಲಿಲ್ಲ. ಹಳ್ಳದ ದಡದ ಮುದಿಮರವೊಂದರ ಮಿಡಿಯಂತೆ ಅದು. ಅದರ ಕಸಿ ಗಿಡ ಮೂಲೆಯಲ್ಲಿತ್ತು. ಬೆಲೆ 150 ರೂಪಾಯಿ.

“ತಗೊಳ್ಳೋಣ ಅಂದ್ರೆ,” ಎಂದಳು ನನ್ನಾಕೆ.

ನನ್ನಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಮೈಸೂರಿನಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ; ಬಸ್ಸಿನಲ್ಲಿ ನೂಕುನುಗ್ಗಲು; ಗಿಡ ಎಲ್ಲಿಗೆ ಓಡಿಹೋದೀತು? “ಮುಂದಿನ ಸಲ ಬಂದಾಗ ನೋಡೋಣ,” ಎಂದೆ. ಯಜಮಾನರು ನಕ್ಕು, ನನ್ನಾಕೆಯ ಸೆರಗಿಗೆ ಒಂದು ಬೊಗಸೆ ಮಿಡಿ ಸುರಿದರು.

ಆ ಮಿಡಿಗಳು ಎರಡು ವರ್ಷ ನಮ್ಮ ಭರಣಿಯಲ್ಲಿದ್ದವು. ಭರಣಿ ಬರಿದಾದ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. 2022ರಲ್ಲಿ ನಮ್ಮದೆಂಬ ಒಂದು ಮನೆಯೂ ಅದರ ಹಿಂದೆ ಹತ್ತಡಿ ನೆಲವೂ ಆದೊಡನೆ, ಜೂನ್ ತಿಂಗಳ ಮಳೆಯಲ್ಲಿ ಮತ್ತೆ ಆ ಅಂಗಳಕ್ಕೆ ಹೋದೆವು.

“ಹಳ್ಳದ ದಡದ್ದೇ? ಹತ್ತೊಂಬತ್ತರ ಆಗಸ್ಟ್ ಮಳೆಗೆ ದಡ ಸಮೇತ ಹೋಯ್ತು ಮಾರಾಯ್ರೆ!”

“ಕಸಿ ಗಿಡ?”

“ಮುದಿಮರದ ಕಡ್ಡಿ. ಹತ್ತು ಕಟ್ಟಿದ್ದರಲ್ಲಿ ಹಿಡಿದದ್ದು ಎರಡೇ. ಒಂದನ್ನ ಇಲ್ಲೇ ನೆಟ್ಟೆ, ದನ ತಿಂತು. ಇನ್ನೊಂದನ್ನ ನೀವು ಹೋದಮೇಲೆ ಕಾರಿನಲ್ಲಿ ಬಂದ ಯಾರೋ ಒಯ್ದರು. ಯಾವ ಊರು ಅಂತಲೂ ಕೇಳಲಿಲ್ಲ. ಮರುವರ್ಷ ಕಟ್ಟಿದ್ದು ಒಂದೂ ಹಿಡೀಲಿಲ್ಲ.”

ಸ್ವಲ್ಪ ಹೊತ್ತು ಮಳೆಯನ್ನೇ ನೋಡುತ್ತಿದ್ದು, ಬಳಿಕ ಹೇಳಿದರು: “ನೀವು ಒಯ್ದಿದ್ದರೆ ಚೆನ್ನಾಗಿತ್ತು. ಮೈಸೂರಿನ ಮೇಷ್ಟ್ರು ಅಂತ ಗೊತ್ತಿತ್ತಲ್ಲ, ಹುಡುಕಿಕೊಂಡು ಬಂದು ಒಂದು ಕಡ್ಡಿ ಕೇಳ್ತಿದ್ದೆ.”

ನನಗೊಂದು ಉಪ್ಪಿನಕಾಯಿ ತಪ್ಪಿತೆಂದು ಮಾತ್ರ ನಾನು ಅಷ್ಟು ದಿನ ಹಲುಬಿದ್ದೆ. 150 ರೂಪಾಯಿ ಉಳಿಸಿ ಕಳೆದದ್ದು ನನ್ನೊಬ್ಬನದಾಗಿರಲಿಲ್ಲ.

ಅಂದು ಬೇರೆ ಮರಗಳ ಎರಡು ಕಸಿ ಗಿಡಗಳನ್ನು ಕೊಂಡೆವು. ಹೊರಡುವಾಗ ಯಜಮಾನರು ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅದರ ಬೆನ್ನಿಗೆ ನಮ್ಮ ವಿಳಾಸವನ್ನು ನನ್ನ ಕೈಯಲ್ಲೇ ಬರೆಸಿದರು.

“ಯಾಕೆ?” ಎಂದೆ.

“ಕಡ್ಡಿ ಬೇಕಾದೀತು,” ಎಂದರು.

ಬಸ್ಸಿನಲ್ಲಿ ಅಂದೂ ನೂಕುನುಗ್ಗಲೇ. ಮೈಸೂರಿನವರೆಗೆ ಗಿಡಗಳೆರಡೂ ನಮ್ಮ ಮಡಿಲಲ್ಲಿಯೇ ಬಂದವು.