ಹೆಂಚಿನ ಊರಿಗೆ ಸಂಸಾರ ಸಮೇತ

ರಜಾ ದಿನಗಳು ಸಮೀಪಿಸಿದುವೆಂದರೆ ನಮ್ಮ ಮನೆಯಲ್ಲಿ ಒಂದು ಚಿಕ್ಕ ವಿಧಾನಸಭೆಯೇ ಸೇರುತ್ತದೆ. ಮಗಳಿಗೆ ಊಟಿಯೇ ಆಗಬೇಕು. ಮಗನಿಗೆ ಮೊಬೈಲು ಕೆಲಸ ಮಾಡುವ ಯಾವ ಊರಾದರೂ ಸರಿಯೆ. ನನ್ನಾಕೆಗೆ ತೌರಿನ ಹೊರತು ಪ್ರಪಂಚದಲ್ಲಿ ಬೇರೆ ಪ್ರೇಕ್ಷಣೀಯ ಸ್ಥಳವೇ ಇಲ್ಲ. ನಾನು ಸಭಾಧ್ಯಕ್ಷ, ಅಂದರೆ, ಹಣ ಕೊಡತಕ್ಕವನು, ಮತವಿಲ್ಲದವನು. ತಾಯಿಯವರಂತೂ ಈ ಸಭೆಯಲ್ಲಿ ಎಂದೂ ಬಾಯಿ ತೆರೆದವರಲ್ಲ. “ನೀವೆಲ್ಲ ಹೋಗಿಬನ್ನಿ, ಮನೆಗೆ ಒಬ್ಬರು ಬೇಡವೆ?” ಎಂದು ಪ್ರತಿವರ್ಷವೂ ಅವರೇ ಕಾವಲಿಗೆ ನಿಲ್ಲುತ್ತಿದ್ದರು. ನಾವೂ ಅದನ್ನೇ ಅವರ ಇಷ್ಟವೆಂದು ತಿಳಿದಿದ್ದೆವು. ಹಾಗೆ ತಿಳಿಯುವುದು ಎಷ್ಟು ಅನುಕೂಲವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕಳೆದ ವರ್ಷ ತುಮಕೂರಿನಲ್ಲಿದ್ದ ನಮ್ಮ ಹಳೆಯ ಮನೆಯನ್ನು ಕೆಡವಬೇಕಾಗಿ ಬಂದಿತು. ಆಳುಗಳು ಮಾಡಿನ ಹೆಂಚುಗಳನ್ನಿಳಿಸಿ ಅಂಗಳದಲ್ಲಿ ಪೇರಿಸುತ್ತಿದ್ದಾಗ ತಾಯಿಯವರು ಒಂದು ಹೆಂಚನ್ನು ಆರಿಸಿಕೊಂಡು, ಸೆರಗಿನಿಂದ ಅದರ ಧೂಳೊರೆಸಿ, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬೆಂಗಳೂರಿಗೆ ಬಂದರು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರೆಂಬ ಹೆಸರು ಅಚ್ಚೊತ್ತಿತ್ತು. 1968ರಲ್ಲಿ ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ, ಆ ಅಕ್ಷರಗಳು ಏನೆಂದು ಅವರು ಕೇಳಿದರಂತೆ. “ಈ ಹೆಂಚು ಬಂದ ಊರಿನ ಹೆಸರು. ಅಲ್ಲಿ ಸಮುದ್ರವಿದೆ. ಬರುವ ವರ್ಷ ಕರೆದುಕೊಂಡು ಹೋಗುತ್ತೇನೆ” ಎಂದರಂತೆ ನಮ್ಮ ತಂದೆಯವರು. ಕಚೇರಿಯ ಕೆಲಸದ ಮೇಲೆ ಅವರು ಒಮ್ಮೆ ಮಂಗಳೂರನ್ನು ಕಂಡಿದ್ದರು. ಬರುವ ವರ್ಷ ನಾನು ಹುಟ್ಟಿದೆ. ಅದರ ಮುಂದೆ ತಂಗಿ. ಆಮೇಲೆ ನಮ್ಮ ಶಾಲೆಯ ಫೀಜು, ಅತ್ತೆಯ ಮದುವೆ, ತಾತನವರ ಕಾಯಿಲೆ. 2009ರಲ್ಲಿ ತಂದೆಯವರು ತೀರಿಕೊಂಡರು. ಈ ಮಾತನ್ನು ತಾಯಿಯವರು ನನಗೆ ಹೇಳಿದ್ದು ಆ ದಿನ ಕಾರಿನಲ್ಲಿ, ಅದೂ ಆಕ್ಷೇಪಣೆಯಾಗಿ ಅಲ್ಲ, ಹೆಂಚಿನ ವಿಷಯವಾಗಿ.

ಆ ಸಲ ಸಭೆ ಸೇರಲಿಲ್ಲ. ನಾನು ಟಿಕೆಟ್ಟು ತಂದುಬಿಟ್ಟೆ.

ಜನವರಿಯ ಮೊದಲ ವಾರದಲ್ಲಿ ಹಗಲು ರೈಲಿನಲ್ಲಿ ಹೊರಟೆವು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗೆ ಸುಮಾರು 55 ಕಿಲೋಮೀಟರು ಘಟ್ಟದ ಹಾದಿ. ಐವತ್ತಕ್ಕೂ ಹೆಚ್ಚು ಸುರಂಗಗಳು. ಮೊದಲ ಸುರಂಗಕ್ಕೆ ಮಗ ಮೊಬೈಲಿನಿಂದ ತಲೆಯೆತ್ತಿದ. ಐದನೆಯದಕ್ಕೆ ಅದನ್ನು ಜೇಬಿಗಿಟ್ಟ. ಬಳಿಕ ಅಜ್ಜಿ ಮೊಮ್ಮಗ ಇಬ್ಬರೂ ಕಿಟಕಿಯ ಬಳಿ ಕುಳಿತು ಸುರಂಗಗಳನ್ನು ಎಣಿಸತೊಡಗಿದರು. ಇಬ್ಬರ ಲೆಕ್ಕವೂ ಕೂಡಲಿಲ್ಲವಾಗಿ ಮಂಗಳೂರು ಮುಟ್ಟುವವರೆಗೂ ಜಗಳ.

ಗಿರಿಧಾಮಗಳ ವಿಷಯದಲ್ಲಿ ನನಗೆ ದ್ವೇಷವೇನೂ ಇಲ್ಲ. ಆದರೆ ಅಲ್ಲಿ ಮೊದಲ ದಿನ ಮಂಜನ್ನು ನೋಡುತ್ತೇವೆ, ಎರಡನೆಯ ದಿನವೂ ಮಂಜನ್ನೇ ನೋಡುತ್ತೇವೆ, ಮೂರನೆಯ ದಿನ ಕೋಣೆಯಲ್ಲಿ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಕಡಲ ದಡದ ಹಳೆಯ ಪಟ್ಟಣದಲ್ಲಿ ಆ ಭಯವಿಲ್ಲ. ಎಪ್ಪತ್ತೈದರ ಅಜ್ಜಿಗೂ ಹದಿನಾಲ್ಕರ ಹುಡುಗನಿಗೂ ಒಂದೇ ದಿನದಲ್ಲಿ ಏನಾದರೂ ದೊರೆಯುತ್ತದೆ.

ಸಮುದ್ರವನ್ನು ಮೊದಲು ನೋಡಿಬಿಡೋಣವೆಂದು ನಾನು ಅವಸರಪಟ್ಟರೆ ತಾಯಿಯವರು ಒಪ್ಪಲಿಲ್ಲ. “ಸಮುದ್ರ ಎಲ್ಲಿಗೆ ಹೋಗುತ್ತದಪ್ಪ? ಮೊದಲು ದೇವರು” ಎಂದರು. ಕದ್ರಿಯ ಮಂಜುನಾಥನ ದರ್ಶನವಾಯಿತು. ಅಲ್ಲಿಯ ಲೋಕೇಶ್ವರನ ಕಂಚಿನ ಪ್ರತಿಮೆಯ ಮುಂದೆ ನಾವೆಲ್ಲ ಬಹಳ ಹೊತ್ತು ನಿಂತೆವು. ಮೂರು ಮುಖ, ಆರು ಕೈ, ಪೀಠದ ಮೇಲೆ ಆಳುಪ ಅರಸು ಕುಂದವರ್ಮನ ಶಾಸನ, ಕಾಲ ಕ್ರಿ.ಶ. 968. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ, ಇರುವುದು ಶಿವಾಲಯದಲ್ಲಿ. “ಹಾಗಾದರೆ ಇದು ಯಾರ ದೇವರು?” ಎಂದು ಮಗಳ ಪ್ರಶ್ನೆ. ನಾನು ಇತಿಹಾಸವನ್ನು ಹೇಳಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ತಾಯಿಯವರು ಕೈಮುಗಿದು, “ಸಾವಿರ ವರ್ಷದಿಂದ ಕೂತಿದ್ದಾನೆ ಕಣೇ, ಎಲ್ಲರ ದೇವರೂ ಆಗಿರಬೇಕು” ಎಂದು ಮುಂದೆ ನಡೆದರು.

ಮರುದಿನ ಸಂತ ಅಲೋಶಿಯಸ್ ಕಾಲೇಜಿನ ಗುಡಿಯನ್ನು ಕಂಡೆವು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಚಿತ್ರಕಾರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆ, ಮಾಡುಗಳನ್ನೆಲ್ಲ ಬಣ್ಣದಿಂದ ತುಂಬಿಸಿದ್ದಾನೆ. ಕತ್ತು ನೋಯುವವರೆಗೆ ನೋಡಬೇಕು, ನಾವು ನೋಡಿದೆವು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಬಾಸೆಲ್ ಮಿಷನ್ನಿನ ಕಥೆ. 1834ರಲ್ಲಿ ಈ ಊರಿಗೆ ಬಂದ ಆ ಮಂದಿ ಮತಪ್ರಚಾರಕ್ಕೆ ಬಂದವರೆಂಬುದು ನಿಜ. ಆದರೆ ಬಂದವರು ಸುಮ್ಮನೆ ಕೂಡಲಿಲ್ಲ. 1843ನೆಯ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಇಲ್ಲಿಂದಲೇ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ. ವಾಚಕ ಮಹಾಶಯರು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಗೆ ಅದೇ ಮುತ್ತಜ್ಜನೆನ್ನಬೇಕು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ನದಿಯ ಜೇಡಿಮಣ್ಣನ್ನು ಯಂತ್ರದಲ್ಲೊತ್ತಿ ಹೆಂಚು ಮಾಡುವ ಕಾರ್ಖಾನೆಯನ್ನು ತೆರೆದ. ಒಂದರ ತುಟಿಗೆ ಇನ್ನೊಂದು ಕಚ್ಚಿಕೊಳ್ಳುವ ಆ ಹೆಂಚನ್ನು ಕಂಡು ಊರಿನ ಇತರರೂ ಕಾರ್ಖಾನೆಗಳನ್ನು ಹೂಡಿದರು. ಹಡಗು ಹತ್ತಿ ಪರದೇಶಗಳಿಗೂ ಹೋದ ಹೆಂಚು ಎತ್ತಿನ ಗಾಡಿಯಲ್ಲಿ ನಮ್ಮ ತುಮಕೂರಿಗೂ ಬಂದಿತು. ನೇತ್ರಾವತಿಯ ದಡದಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ತಾಯಿಯವರು ಬಗ್ಗಿ ಒಂದು ಚಿಟಿಕೆ ಮಣ್ಣನ್ನು ತೆಗೆದು ಬೆರಳಿನಲ್ಲಿ ಉಜ್ಜಿ ನೋಡಿದರು.

ಊಟ ತಿಂಡಿಗಳ ವಿಷಯವನ್ನು ನನ್ನಾಕೆ ಬರೆದಿದ್ದರೆ ಇದೇ ಒಂದು ಧಾರಾವಾಹಿಯಾಗುತ್ತಿತ್ತು. ಬೆಳಗ್ಗೆ ಬನ್ಸು, ಸಂಜೆ ಗೋಳಿಬಜೆ, ನಡುವೆ ಬಾಯಲ್ಲಿ ಕರಗುವ ನೀರುದೋಸೆ. ಮೀನು ತಿನ್ನುವವರ ಭಾಗ್ಯವನ್ನು ನಾವು ಪರಿಮಳದಿಂದ ಮಾತ್ರ ಊಹಿಸಿದೆವು. ನಮ್ಮ ಆಟೋರಿಕ್ಷಾದವನು ಫೋನಿನಲ್ಲಿ ತುಳು, ಅಂಗಡಿಯವನೊಡನೆ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ನಮ್ಮೊಡನೆ ಪುಸ್ತಕದಂತಹ ಕನ್ನಡ ಮಾತನಾಡಿದ. ಎರಡೇ ಭಾಷೆಗೆ ಟ್ಯೂಷನ್ನು ಹೇಳಿಸಿಕೊಳ್ಳುವ ನನ್ನ ಮಗ ಅವನನ್ನು ವಿಸ್ಮಯದಿಂದ ನೋಡಿದ. ಹಳೆಯ ಬಂದರಿನ ಬೀದಿಯಲ್ಲಿ ಆತನಿಗೆ ಬೆನ್ ಯಿಜುವಿನ ಕಥೆಯನ್ನು ಹೇಳಿದೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಸಿಯದ ಕಡೆಯ ಈ ಯೆಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷಗಳ ಕಾಲ ಬಾಳಿದ. ಆಶು ಎಂಬ ಈ ಕಡೆಯ ಹೆಂಗಸನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ. ಆತನಿಗೆ ಏಡನ್ನಿನ ಸ್ನೇಹಿತರು ಬರೆಯಲು ಕಾಗದವನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು. ಆ ಪತ್ರಗಳು ಕೈರೋದ ಒಂದು ಪ್ರಾರ್ಥನಾಮಂದಿರದಲ್ಲಿ ಉಳಿದು ಬಂದುವು. “ಎಂಟುನೂರು ವರ್ಷ ಯಾರೂ ಡಿಲೀಟ್ ಮಾಡಲಿಲ್ಲವೆ?” ಎಂದ ಮಗ.

ಮೂರನೆಯ ದಿನ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪುವು ಗುರುಪುರ ಹೊಳೆಗೆ ಶತ್ರುಗಳ ಹಡಗು ನುಗ್ಗದಂತೆ ಕಟ್ಟಿಸಿದ ಕಲ್ಲಿನ ಕಾವಲು ಕಟ್ಟೆ. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದ 1784ರ ಮಾರ್ಚಿಯಲ್ಲಿ ಆದದ್ದು ಈ ಊರಲ್ಲೇ. ಮಗ ಪರೀಕ್ಷೆಗಾಗಿ ಆ ಇಸವಿಯನ್ನು ಉರುಹೊಡೆದಿದ್ದ, ಮರೆತೂ ಬಿಟ್ಟಿದ್ದ. ಈಗ ತುಪಾಕಿಯ ಕಿಂಡಿಗೆ ಕಣ್ಣಿಟ್ಟು ಬಹಳ ಹೊತ್ತು ಕದಲಲಿಲ್ಲ. “ಅಜ್ಜಿಗೆ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ?” ಎಂದು ಆಟೋದವನು ಓಡಿಬಂದು ಕೈಕೊಟ್ಟ. ಆದರೆ ತಾಯಿಯವರ ದೃಷ್ಟಿ ಕೋಟೆಯ ಮೇಲಿರಲಿಲ್ಲ. ಹೊಳೆಯಾಚೆಯ ಮರಗಳ ಹಿಂದಿನಿಂದ ಏನೋ ಕೇಳಿಬರುತ್ತಿತ್ತು.

ದೋಣಿಯಲ್ಲಿ ತಣ್ಣೀರುಬಾವಿಯ ಕಡೆಗೆ ದಾಟಿದೆವು. ಮರಳಿನಲ್ಲಿ ನಡೆಯಲು ಅವರಿಗೆ ಕಷ್ಟವಾಯಿತು. ಒಂದು ಕಡೆ ನಾನು, ಒಂದು ಕಡೆ ಮೊಮ್ಮಗಳು. ಮರಗಳ ಸಾಲು ಮುಗಿದು ಎದುರಿಗೆ ನೀರು ಕಂಡಾಗ ನಾನು ಅವರ ಮುಖವನ್ನು ನೋಡಲು ಧೈರ್ಯಮಾಡಲಿಲ್ಲ. ಐವತ್ತಕ್ಕೂ ಮಿಕ್ಕಿದ ವರ್ಷಗಳು ಕಾದದ್ದು ಇಷ್ಟಕ್ಕೇ ಎನಿಸಿಬಿಟ್ಟರೆ ಎಂಬ ಭಯ. ಅವರು ಚಪ್ಪಲಿಯನ್ನು ಕಳಚಿ, ಸೀರೆಯನ್ನು ಕೊಂಚ ಎತ್ತಿ ಹಿಡಿದು, ಅಲೆಯೊಂದು ಪಾದವನ್ನು ತೋಯಿಸಿ ಹಿಂದಕ್ಕೆ ಹೋಗುವವರೆಗೆ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ,

“ನಿಮ್ಮಪ್ಪ ನೀರಿನ ವಿಷಯ ಹೇಳಿದ್ದರು ಕಣೋ. ಈ ಸದ್ದಿನ ವಿಷಯ ಹೇಳಿಯೇ ಇರಲಿಲ್ಲ” ಎಂದರು.

ಹೋಗುವವರು ಡಿಸೆಂಬರು ಜನವರಿಯಲ್ಲಿ ಹೋಗುವುದು ಲೇಸು. ಏಪ್ರಿಲ್ ಮೇ ತಿಂಗಳ ಸೆಕೆಯನ್ನು ಬಯಲುಸೀಮೆಯವರು ತಾಳಲಾರರು. ಮಳೆಗಾಲದಲ್ಲಿ ಕಡಲಿಗಿಳಿಯುವ ಮಾತೇ ಬೇಡ. ಉಳಿದ ಕಾಲದಲ್ಲಿಯೂ ಮಕ್ಕಳನ್ನು ಪಾದ ಮುಳುಗುವುದಕ್ಕಿಂತ ಮುಂದೆ ಬಿಡಕೂಡದು. ಅಜ್ಜಿಯರನ್ನು ಕರೆದೊಯ್ಯುವವರು ಒಂದು ಮಡಿಸುವ ಕುರ್ಚಿಯನ್ನು ಕೊಂಡೊಯ್ಯಬೇಕು. ನಾವು ಅದನ್ನು ಮರೆತಿದ್ದೆವು. ಹೀಗಾಗಿ ತಾಯಿಯವರು ಕತ್ತಲಾಗುವವರೆಗೆ ಮರಳಿನ ಮೇಲೆಯೇ ಕುಳಿತಿದ್ದರು. ಕೊನೆಯ ದೋಣಿ ಹೊರಡುತ್ತದೆಂದು ನಾನು ಎರಡು ಸಲ ಕರೆಯಬೇಕಾಯಿತು.