ಮಾತಾಡಿಸಿಕೊಂಡು ಬರಲು

ವರ್ಷದಲ್ಲಿ ಏಳೆಂಟು ವಾರ ಇದ್ದು ಆಮೇಲೆ ನೀರಾಗಿ ಹೋಗುವ ರಸ್ತೆಗಳಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ ಅಂಥವು ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿ. ಅಲ್ಲಿ ಮೂಲನಿವಾಸಿಗಳ ಸುಮಾರು ಮೂವತ್ತು ಊರುಗಳಿಗೆ ಡಾಂಬರು ರಸ್ತೆಯಿಲ್ಲ, ಮಣ್ಣಿನದೂ ಇಲ್ಲ. ಸರೋವರ, ಹೊಳೆ, ಜೌಗು ಎಲ್ಲ ಹೆಪ್ಪುಗಟ್ಟಿದ ಮೇಲೆ ಹಿಮವನ್ನು ಯಂತ್ರದಿಂದ ಒತ್ತಿಸಿ, ಮೇಲೆ ನೀರು ಹಾಯಿಸಿ, ಅದನ್ನೂ ಹೆಪ್ಪುಗಟ್ಟಲು ಬಿಟ್ಟು ದಾರಿ ಮಾಡುತ್ತಾರೆ. ಜನವರಿಯ ಕೊನೆಗೆ ತೆರೆದರೆ ಮಾರ್ಚ್ ನಡುವಿಗೆ ಮುಗಿಯಿತು. ವರ್ಷಕ್ಕೆ ಬೇಕಾದ ಡೀಸೆಲ್ಲು, ಮನೆ ಕಟ್ಟುವ ಮರ, ಹಿಟ್ಟಿನ ಮೂಟೆ ಎಲ್ಲ ಅಷ್ಟರೊಳಗೆ ಲಾರಿಗಳಲ್ಲಿ ಸಾಗಬೇಕು. ಮಿಕ್ಕ ದಿನಗಳಲ್ಲಿ ಪುಟ್ಟ ವಿಮಾನವೇ ಗತಿ. ಅದರ ಟಿಕೆಟ್ಟಿನ ದುಡ್ಡು ಕೇಳಿದರೆ, ಇದಕ್ಕಿಂತ ಇಂಡಿಯಾಕ್ಕೇ ಹೋಗಿಬರಬಹುದಲ್ಲ ಅನಿಸುತ್ತದೆ.

ಆ ಲಾರಿಗಳ ಸಾಲಿನ ಹಿಂದೆ ಒಂದು ಹಳೆಯ ಪಿಕಪ್ ಗಾಡಿಯೂ ಹೋಗುತ್ತಿತ್ತು. ಓಡಿಸುತ್ತಿದ್ದವರು ಥಂಡರ್ ಬೇ ನಗರದಲ್ಲಿ ನನ್ನ ಮನೆಯೊಡತಿ.

ಓದಲೆಂದು ಹೋದವನು ಅವರ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಆ ದೇಶದಲ್ಲಿ ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ, ಆಂಟಿ ಎಂದೆ. ಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ನರ್ಸಾಗಿದ್ದು ನಿವೃತ್ತರಾದವರು, ಆಂಗ್ಲಿಕನ್ ಚರ್ಚಿನ ಪರವಾಗಿ ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ಹೋಗಿಬರುತ್ತಿದ್ದರು. ಪಾದ್ರಿಯಲ್ಲ, ದೀಕ್ಷೆಯಿಲ್ಲ, ಕುತ್ತಿಗೆಗೆ ಬಿಳಿ ಪಟ್ಟಿಯಿಲ್ಲ. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಹೋಗ್ತೀನಿ, ಕೂತ್ಕೋತೀನಿ, ಟೀ ಕುಡೀತೀನಿ, ಬರ್ತೀನಿ" ಎಂದಿದ್ದರು. ಚರ್ಚಿನ ವರದಿಯಲ್ಲಿ ಈ ಕೆಲಸಕ್ಕೆ ಏನೇನೋ ಭಾರದ ಹೆಸರಿತ್ತು. ನಮ್ಮ ಕಡೆ ಇದನ್ನು ಮಾತಾಡಿಸಿಕೊಂಡು ಬರುವುದು ಅನ್ನುತ್ತೇವೆ, ಅದಕ್ಕೆ ಯಾರೂ ವರದಿ ಬರೆಯುವುದಿಲ್ಲ.

ನಾನು ಶರಾವತಿ ಹಿನ್ನೀರಿನ ಆಚೆ ಬೆಳೆದವನು. ಆಗ ಲಾಂಚು ತಪ್ಪಿದರೆ ಆ ದಿನ ಸಾಗರ ಪೇಟೆಯಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ಕಾಲೇಜಿರಲಿಲ್ಲ. ಹೊರಗಿನವರು ದಾಟಿ ಬಂದರೆಂದರೆ ಅವರು ಯಾರೇ ಆಗಲಿ, ಅವರಿಗೆ ಒಲೆ ಹಚ್ಚುತ್ತಿದ್ದರು. ಆದ್ದರಿಂದ ಆಂಟಿ "ಪಕ್ಕದ ಸೀಟು ಖಾಲಿ ಇದೆ, ಬರ್ತೀಯಾ?" ಎಂದಾಗ ಹೆಚ್ಚು ಯೋಚಿಸಲಿಲ್ಲ. ಯೋಚಿಸಿದವಳು ಅಮ್ಮ. ಫೋನಿನಲ್ಲಿ ಕೇಳಿದಳು: "ಕೆರೆ ಮೇಲೆ ಗಾಡಿ ಓಡಿಸ್ತಾರಾ? ಅವರಿಗೆ ಮಕ್ಕಳು ಮರಿ ಇಲ್ವೇನೋ?" ಇರಲಿಲ್ಲ. ಹಾಗಂತ ಹೇಳಿದ ಮೇಲೆ ಅಮ್ಮನಿಗೆ ಇನ್ನೂ ಗಾಬರಿಯಾಯಿತು.

ಗಾಡಿ ತುಂಬುವುದನ್ನು ನೋಡಬೇಕಿತ್ತು. ಹಿಂದಿನ ತೆರೆದ ಭಾಗಕ್ಕೆ ಕಂಬಳಿ, ಮಕ್ಕಳ ಬೂಟು, ಹೊಲಿಗೆ ಯಂತ್ರದ ಬಿಡಿಭಾಗ, ಯಾರೋ ಕೇಳಿದ್ದ ಗಿಟಾರಿನ ತಂತಿ, ಎರಡು ಡಬ್ಬ ಪೆಟ್ರೋಲು, ಸಲಿಕೆ. ಹೆಪ್ಪುಗಟ್ಟಿದರೆ ಕೆಡುವಂಥವೆಲ್ಲ ಒಳಗೆ, ನಮ್ಮ ಜೊತೆ. ಮೊಟ್ಟೆ ನನ್ನ ತೊಡೆಯ ಮೇಲೆ. ಕಿತ್ತಳೆಯ ಪೆಟ್ಟಿಗೆ ಕಾಲಿನ ಬುಡದಲ್ಲಿ, ಹೀಟರಿನ ಗಾಳಿ ನೇರ ತಾಗದಂತೆ ಹಳೆಯ ಸ್ವೆಟರು ಹೊದಿಸಿಕೊಂಡು. ಕಿತ್ತಳೆಗೆ ಚಳಿಯೂ ಆಗಬಾರದು, ಸೆಕೆಯೂ ಆಗಬಾರದು. ದಾರಿಯುದ್ದಕ್ಕೂ ಆಂಟಿ ನನ್ನ ಯೋಗಕ್ಷೇಮ ಒಮ್ಮೆ ಕೇಳಿದರೆ ಕಿತ್ತಳೆಯದು ಮೂರು ಸಲ ಕೇಳುತ್ತಿದ್ದರು. ಉತ್ತರದ ಅಂಗಡಿಗಳಲ್ಲಿ ಹಣ್ಣಿನ ಬೆಲೆ ನೋಡಿದ ಮೇಲೆ ನನಗೂ ಅದು ಸರಿಯೆನಿಸಿತು.

ಥಂಡರ್ ಬೇಯಿಂದ ಪಶ್ಚಿಮಕ್ಕೆ ಹೋಗಿ ಇಗ್ನೇಸ್ ಎಂಬಲ್ಲಿ ಬಲಕ್ಕೆ ತಿರುಗಿದರೆ 599ನೇ ನಂಬರಿನ ಹೆದ್ದಾರಿ. ಸುಮಾರು 290 ಕಿಲೋಮೀಟರು ಬರೀ ಸ್ಪ್ರೂಸ್ ಮರ ನೋಡಿಕೊಂಡು ಹೋದರೆ ಪಿಕಲ್ ಲೇಕ್. ಅದರಾಚೆಗೆ ಚಳಿಗಾಲದ ರಸ್ತೆ. ಸರೋವರಕ್ಕೆ ಇಳಿಯುವ ಮುಂಚೆ ಆಂಟಿ ಗಾಡಿ ನಿಲ್ಲಿಸಿ ಎರಡು ಕೆಲಸ ಮಾಡುತ್ತಿದ್ದರು: ಸೀಟುಬೆಲ್ಟು ಬಿಚ್ಚಿಸುವುದು, ಕಿಟಕಿ ಸ್ವಲ್ಪ ಇಳಿಸುವುದು. ಹೊರಗೆ ಮೈನಸ್ ಮೂವತ್ತು. ಯಾಕೆಂದು ಕೇಳಬೇಕಾಗಿರಲಿಲ್ಲ. ಲಾರಿ ತುಂಬಿಕೊಂಡು ಹೋಗಬೇಕಾದರೆ ಐಸು ಹತ್ತಿರ ಹತ್ತಿರ ಒಂದು ಮೀಟರು ದಪ್ಪವಿರಬೇಕು, ನಮ್ಮಂಥ ಗಾಡಿಗೆ ಒಂದಡಿ ಮೇಲಿದ್ದರೆ ನಡೆಯುತ್ತದೆ. ಆದರೂ ನಿಧಾನ ಹೋಗಬೇಕು. ಗಾಡಿಯ ಭಾರಕ್ಕೆ ಐಸು ಬಾಗಿ, ಅಡಿಯ ನೀರಿನಲ್ಲಿ ಅಲೆಯೆದ್ದು ಗಾಡಿಯ ಜೊತೆಯೇ ಹೋಗುತ್ತದೆ. ವೇಗ ಹೆಚ್ಚಾದರೆ ಆ ಅಲೆ ದಡದ ಹತ್ತಿರ ಐಸನ್ನು ಒಡೆಯುತ್ತದೆ. ನಡುವೆ ಒಮ್ಮೊಮ್ಮೆ ಕೆಳಗಿನಿಂದ ಸದ್ದು ಏಳುತ್ತಿತ್ತು, ಅಟ್ಟದ ಮೇಲೆ ಯಾರೋ ಅಡಿಕೆ ಮೂಟೆ ಎಳೆದ ಹಾಗೆ. ಸದ್ದು ಮಾಡುವ ಐಸು ಒಳ್ಳೆಯದು, ಸುಮ್ಮನಿರುವುದನ್ನು ನಂಬಬಾರದು ಎಂಬುದು ಆಂಟಿಯ ವಾದ.

ಆ ನಿಧಾನದ ಗಂಟೆಗಳಲ್ಲಿ ಅವರು ಹಿಂದಿನವರ ಕಥೆ ಹೇಳುತ್ತಿದ್ದರು. ಯೂಕಾನಿನ ಬಿಷಪ್ ಐಸಾಕ್ ಸ್ಟ್ರಿಂಗರ್ 1909ರಲ್ಲಿ ಬೆಟ್ಟದ ನಡುವೆ ದಾರಿ ತಪ್ಪಿ, ತಿನ್ನಲು ಏನೂ ಉಳಿಯದೆ, ತಮ್ಮ ಸೀಲ್ ಚರ್ಮದ ಬೂಟುಗಳನ್ನೇ ಬೇಯಿಸಿ ತಿಂದಿದ್ದರು. ಈ ಕಥೆಯನ್ನು ಚರ್ಚಿನವರು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಆಂಟಿ ಬೂಟಿನ ಭಾಗವನ್ನು ಬೇಗ ಮುಗಿಸಿ, "ಕೊನೆಗೆ ಅವರನ್ನು ಒಳಗೆ ಕರೆದು ಊಟ ಹಾಕಿದ್ದು ನದಿ ದಡದ ಮೂಲನಿವಾಸಿಗಳು. ಅವರ ಹೆಸರು ಯಾರಾದರೂ ಹೇಳ್ತಾರಾ ನೋಡು" ಎನ್ನುತ್ತಿದ್ದರು. ಇನ್ನೊಂದು ಮೋರಿಸ್ ವಿಮೆ ಎಂಬ ಕ್ಯಾಥೊಲಿಕ್ ಪಾದ್ರಿಯದು. ಲ್ಯಾನ್ಸ್‌ಡೌನ್ ಹೌಸ್ ಎಂಬ ಊರಿನಲ್ಲಿದ್ದ ಅವರು, ನಾಯಿಗಳು ಎಳೆಯುವ ಬಂಡಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಬೊಂಬಾರ್ಡಿಯೇ ಎಂಬ ಯಂತ್ರ ಮಾಡುವವನ ಸ್ನೇಹಿತ. 1959ರಲ್ಲಿ ಆತ ಮೊದಲ ಸ್ಕೀ-ಡೂ ಗಾಡಿಯನ್ನು ತಂದುಕೊಟ್ಟದ್ದು ಈ ಪಾದ್ರಿಗೆ. ಇವತ್ತು ಪಟ್ಟಣದ ಹುಡುಗರು ಮೋಜಿಗೆ ಓಡಿಸುವ ಇಂಥ ಸ್ನೋಮೊಬೈಲು, ಮೊದಲ ದಿನಗಳಲ್ಲಿ ಮನೆ ಮನೆಗೆ ಹೋಗಬೇಕಿದ್ದ ಒಬ್ಬ ಪಾದ್ರಿಯ ಅಂಗಳದಲ್ಲಿ ಓಡಿತು. ಆ ಊರಿನವರು ಈಗಿರುವುದು ನೆಸ್ಕಂಟಾಗದಲ್ಲಿ. ನಲ್ಲಿಯ ನೀರನ್ನು ಕುದಿಸದೆ ಕುಡಿಯಬಾರದೆಂದು 1995ರಲ್ಲಿ ಅಲ್ಲಿ ಹೊರಟ ಆದೇಶ ಮೂವತ್ತು ವರ್ಷವಾದರೂ ಹಿಂದಕ್ಕೆ ಹೋಗಿರಲಿಲ್ಲ. ಯಂತ್ರ ತಲುಪಿದ ಊರಿಗೆ ಕುಡಿಯುವ ನೀರು ತಲುಪಲಿಲ್ಲ, ಅದೂ ಜಗತ್ತಿನಲ್ಲೇ ಅತಿ ಹೆಚ್ಚು ಸರೋವರಗಳಿರುವ ದೇಶದಲ್ಲಿ.

ನಾವು ಹೋಗುತ್ತಿದ್ದುದು ಒಜಿ-ಕ್ರೀ ಮಾತಿನ ಊರುಗಳಿಗೆ. ಮೊದಲ ಮನೆಯಲ್ಲಿ ಟೀ, ಬ್ಯಾನಕ್ ರೊಟ್ಟಿ. ಮೈದಾವನ್ನು ಹಂದಿಯ ಕೊಬ್ಬಿನಲ್ಲಿ ಕಲಸಿ ಬಾಣಲೆಯಲ್ಲಿ ಬೇಯಿಸಿದ್ದು. ಸಸ್ಯಾಹಾರಿಯಾದ ನಾನು ಏನು ಮಾಡಿದೆ ಎಂಬುದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮೇಜಿನ ಮೇಲೆ ಅಂಚು ಸವೆದ ಒಂದು ಕೀರ್ತನೆಯ ಪುಸ್ತಕವಿತ್ತು. ತೆರೆದರೆ ತ್ರಿಕೋನ, ಕೊಕ್ಕೆ, ಚುಕ್ಕೆ. ಆ ಮನೆಯ ಅಜ್ಜ ಬೆರಳಿಟ್ಟು ತೋರಿಸಿದರು: ಒಂದೇ ಆಕಾರ, ಮೂತಿ ಮೇಲಾದರೆ ಪಿ, ಕೆಳಗಾದರೆ ಪೆ, ಬಲಕ್ಕಾದರೆ ಪೊ, ಎಡಕ್ಕಾದರೆ ಪ. ಅರೆ, ಇದು ಕಾಗುಣಿತ! ಸಂಜೆಯೊಳಗೆ ಒಂದು ಪುಟವನ್ನು ಅರ್ಥವಾಗದಿದ್ದರೂ ತಪ್ಪಿಲ್ಲದೆ ಓದಿದೆ, ಅಜ್ಜ ಮೊಮ್ಮಕ್ಕಳನ್ನು ಕರೆದು "ನೋಡಿ, ಇವನಿಗೆ ಬರುತ್ತೆ" ಎಂದು ಹಂಗಿಸಿದರು. ಜೇಮ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1840ರಲ್ಲಿ ನಾರ್ವೇ ಹೌಸ್ ಎಂಬಲ್ಲಿ, ಚಹಾ ಪೆಟ್ಟಿಗೆಯ ಒಳಗಿನ ಸೀಸವನ್ನು ಕರಗಿಸಿ ಅಚ್ಚುಮೊಳೆ ಎರೆದು, ಮಸಿಯಿಂದ ಶಾಯಿ ಮಾಡಿ ಈ ಲಿಪಿಯನ್ನು ಅಚ್ಚು ಹಾಕಿದ. ಅವನಿಗೆ ದೇವನಾಗರಿಯ ಪರಿಚಯವಿತ್ತೆಂದು ಹೇಳುವ ವಿದ್ವಾಂಸರಿದ್ದಾರೆ. ಕ್ರೀ ಹಿರಿಯರ ಮಾತು ಬೇರೆ: ಲಿಪಿ ತಮ್ಮವನೇ ಒಬ್ಬನಿಗೆ ಪರಲೋಕದಿಂದ ಸಿಕ್ಕಿದ್ದು. ಯಾವುದು ನಿಜ ಎಂದು ಆಂಟಿಯನ್ನು ಕೇಳಿದೆ. "ಅವರ ಮನೆಯಲ್ಲಿ ಕೂತಿದ್ದೀವಿ, ಅವರದ್ದೇ ನಿಜ" ಎಂದರು.

ಪಾದ್ರಿ ಎಂದರೆ ನಮಗೆ ಮಂಗಳೂರ ಸಮಾಚಾರದ ಮೊಗ್ಲಿಂಗ್, ನಿಘಂಟಿನ ಕಿಟೆಲ್. ಅಕ್ಷರದ ಋಣ. ಉತ್ತರದಲ್ಲಿ ಅಷ್ಟಕ್ಕೆ ನಿಲ್ಲಿಸಿ ಕೃತಜ್ಞತೆ ಹೇಳಲಾಗದು. ಅಕ್ಷರ ಕೊಟ್ಟ ಚರ್ಚುಗಳೇ ಮುಂದೆ ಸರ್ಕಾರದ ಜೊತೆ ಸೇರಿ ವಸತಿ ಶಾಲೆಗಳನ್ನು ನಡೆಸಿದವು. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಒಯ್ದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಹೊಡೆದವು. ಸುಮಾರು ಒಂದೂವರೆ ಲಕ್ಷ ಮಕ್ಕಳು ಹೀಗೆ ಹೋದರು, ಸಾವಿರಾರು ಮಕ್ಕಳು ಹಿಂದಿರುಗಲಿಲ್ಲ. ಕೆನಡಾದ ಆಂಗ್ಲಿಕನ್ ಚರ್ಚಿನ ಆಗಿನ ಮುಖ್ಯಸ್ಥ ಮೈಕೆಲ್ ಪಿಯರ್ಸ್ 1993ರಲ್ಲಿ ಕ್ಷಮೆ ಕೇಳಿದರು. ಆಂಟಿ ಆ ಕ್ಷಮೆಯ ವಿಷಯವನ್ನು ಯಾರ ಮನೆಯಲ್ಲೂ ಎತ್ತಿದ್ದನ್ನು ನಾನು ನೋಡಲಿಲ್ಲ. ಬೈಬಲ್ಲು ಬಿಚ್ಚಿದ್ದೂ ಅಪರೂಪ, ಅವರಾಗಿ ಕೇಳಿದರೆ ಮಾತ್ರ. ಒಂದು ಮನೆಯಲ್ಲಿ ಅಂಥ ಶಾಲೆಯಿಂದ ಬದುಕಿ ಬಂದ ಮುದುಕಿಯೊಬ್ಬರಿದ್ದರು. ಆಂಟಿ ಅವರ ಪಕ್ಕ ಕೂತರು. ಆಕೆ ಕಿಟಕಿ ನೋಡುತ್ತ ಮಣಿ ಪೋಣಿಸುತ್ತಿದ್ದರು, ಇವರು ನೂಲಿನ ಉಂಡೆ ಹಿಡಿದುಕೊಂಡಿದ್ದರು. ಮಧ್ಯಾಹ್ನ ಪೂರ್ತಿ ಒಂದು ಮಾತಿಲ್ಲ. ಹೊರಡುವಾಗ ಆಕೆ ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದರು. ಚರ್ಚು ಮಾಡಿದ್ದಕ್ಕೆ ಚರ್ಚಿನವರು ಹೀಗೆ ಸುಮ್ಮನೆ ಕೂರುವುದು ತಕ್ಕ ಪರಿಹಾರವೇ? ಅಲ್ಲ. ಆಂಟಿಯೂ ಹಾಗೆಂದು ನಂಬಿರಲಿಲ್ಲ. ಆದರೆ ವರ್ಷ ವರ್ಷವೂ ಬಂದು ಕೂರುವವರು ಬೇರೆ ಯಾರೂ ಇರಲಿಲ್ಲ.

ನಾನು ಜೊತೆಗೆ ಹೋದ ಆ ವರ್ಷವೇ ಒಂದು ಊರಿನಲ್ಲಿ ಸಾವಾಗಿತ್ತು. ಚರ್ಚಿನೊಳಗೆ ಹೆಣ, ರಾತ್ರಿಯಿಡೀ ಹಾಡು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು, ಗಿಟಾರು ಕೈಯಿಂದ ಕೈಗೆ. ಮಕ್ಕಳು ಬೆಂಚಿನ ಮೇಲೆಯೇ ನಿದ್ದೆ ಹೋಗಿದ್ದವು. ಹೊರಗೆ ಗುಂಡಿ ತೋಡುವ ಕೆಲಸ. ನೆಲ ಕಲ್ಲಾಗಿರುವುದರಿಂದ ಗುದ್ದಲಿ ಹಾಕುವ ಮುಂಚೆ ಬೆಂಕಿ ಹಾಕಬೇಕು. ಗುಂಡಿಯ ಅಳತೆಗೆ ದಿಮ್ಮಿ ಒಟ್ಟಿ ಸುಡುತ್ತಾರೆ, ಕರಗಿದಷ್ಟು ಮಣ್ಣು ತೆಗೆಯುತ್ತಾರೆ, ಮತ್ತೆ ದಿಮ್ಮಿ. ಸುಡುವುದೂ ಹೂಳುವುದೂ ಬೇರೆ ಬೇರೆ ಎಂದುಕೊಂಡಿದ್ದ ನನಗೆ ಅದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು, ಬಿಟ್ಟು ಬರುವುದೂ ಕಷ್ಟವಾಯಿತು. ಊರಿನ ಹುಡುಗರು ಪಾಳಿಯ ಮೇಲೆ ತೋಡಿದರು. ಕೂಲಿಯ ಮಾತೇ ಇಲ್ಲ. ಆಂಟಿ ಕೆಟಲ್ ಹಿಡಿದು ಓಡಾಡುತ್ತಿದ್ದರು. ಒಬ್ಬ ಹುಡುಗ ಸಲಿಕೆಯನ್ನು ನನ್ನ ಕೈಗೆ ಕೊಟ್ಟು ಸಿಗರೇಟು ಹಚ್ಚಿದ.

ಆಮೇಲೆ ಕೆಲಸ ಸಿಕ್ಕಿ ನಾನು ಟೊರಾಂಟೊಕ್ಕೆ ಹೋದೆ. 2020ರಲ್ಲಿ ಕೊರೊನಾ ಬಂದು ಉತ್ತರದ ಊರುಗಳು ಹೊರಗಿನವರಿಗೆ ಬಾಗಿಲು ಹಾಕಿಕೊಂಡವು. ಸರಿಯಾಗಿಯೇ ಮಾಡಿದರು. ಹಿಂದೆ ಹೊರಗಿನವರು ತಂದ ಕಾಯಿಲೆಗಳಿಂದ ಊರಿಗೆ ಊರೇ ಖಾಲಿಯಾದ ನೆನಪು ಅವರಿಗಿದೆ. ಮುಂದಿನ ಚಳಿಗಾಲ ರಸ್ತೆ ತೆರೆದಾಗ ಆಂಟಿ ಮನೆಯಲ್ಲಿದ್ದರು. ಅಡುಗೆಮನೆಯ ಫೋನಿನಿಂದ ಒಂದೊಂದೇ ಮನೆಗೆ ಮಾತಾಡಿದರಂತೆ. "ಫೋನಿನಲ್ಲಿ ಸುಮ್ಮನೆ ಕೂರೋಕೆ ಆಗಲ್ಲ ನೋಡು, ಏನಾದರೂ ಮಾತಾಡಲೇಬೇಕು" ಎಂದು ನನಗೆ ದೂರಿದ್ದರು. ಅವರು ಯಾವುದರ ಬಗೆಗಾದರೂ ದೂರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ಉತ್ತರದವರಿಗೆ ಬರಲಾಗಲಿಲ್ಲ. ಅಲ್ಲಿ ಊರಿಗೊಂದು ಪುಟ್ಟ ರೇಡಿಯೊ ಇರುತ್ತದೆ. ಆ ರಾತ್ರಿ ಒಬ್ಬೊಬ್ಬರೇ ರೇಡಿಯೊಕ್ಕೆ ಫೋನು ಮಾಡಿ, ತಮ್ಮ ಅಡುಗೆಮನೆಯಿಂದಲೇ ಆಂಟಿಗಾಗಿ ಹಾಡಿದರು. ಪರಿಚಯದವರೊಬ್ಬರು ತಮ್ಮ ಮೊಬೈಲನ್ನು ರೇಡಿಯೊದ ಪಕ್ಕ ಇಟ್ಟು ನನಗೂ ಕೇಳಿಸಿದರು. ಸಾಲು ತಪ್ಪುವುದು, ಕೆಮ್ಮುವುದು, ಹಿಂದೆ ನಾಯಿ ಬೊಗಳುವುದು ಎಲ್ಲ ಕೇಳಿಸುತ್ತಿತ್ತು. ಮನೆ ಮಾರಾಟವಾಯಿತು. ಚರ್ಚು ಆ ಕೆಲಸಕ್ಕೆ ಬೇರೆಯವರನ್ನು ಇಡಲಿಲ್ಲ.

ಈಗ ರಸ್ತೆಯೂ ಹೋಗುತ್ತಿದೆ. 2024ರ ಚಳಿಗಾಲ ಎಷ್ಟು ಬೆಚ್ಚಗಿತ್ತೆಂದರೆ ಹಲವು ಕಡೆ ಐಸು ತುಂಬಿದ ಲಾರಿ ತಡೆಯುವಷ್ಟು ಕಟ್ಟಲಿಲ್ಲ. ಉತ್ತರ ಒಂಟಾರಿಯೊದ ಮೂಲನಿವಾಸಿ ಊರುಗಳ ಒಕ್ಕೂಟ ನಿಶ್ನಾಬೆ ಆಸ್ಕಿ ನೇಷನ್ ಫೆಬ್ರವರಿಯಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಡೀಸೆಲ್ಲು, ಮನೆಯ ಮರ, ಹಿಟ್ಟು ಎಲ್ಲ ಸಿಕ್ಕಿಹಾಕಿಕೊಂಡವು. ವರ್ಷಪೂರ್ತಿ ಇರುವ ರಸ್ತೆ ಬೇಕೆಂದು ಕೇಳುವವರಿದ್ದಾರೆ. ರಸ್ತೆ ಬಂದರೆ ಅದರ ಹಿಂದೆಯೇ ಗಣಿಯವರು ಬರುತ್ತಾರೆಂದು ಹೆದರುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ತೀರ್ಮಾನ ಅವರದು.

ಥಂಡರ್ ಬೇಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಹೇಳುವುದಿಷ್ಟು. ಜನವರಿಯ ಕೊನೆಗೆ ಯಾರಾದರೂ ಉತ್ತರಕ್ಕೆ ಹೊರಟಿದ್ದು, ಆ ಊರಿನವರ ಒಪ್ಪಿಗೆಯಿದ್ದು, ಗಾಡಿಯಲ್ಲಿ ಒಂದು ಸೀಟು ಖಾಲಿಯಿದ್ದರೆ ಹತ್ತಿಬಿಡಿ. ಫೋಟೋಕ್ಕೆಂದು ಹೋಗಬೇಡಿ, ಮಾತಾಡಿಸಿಕೊಂಡು ಬರಲು ಹೋಗಿ. ನಾಲ್ಕು ದಿನ ಕ್ಲಾಸು ತಪ್ಪಿದರೆ ಮತ್ತೆ ಓದಿಕೊಳ್ಳಬಹುದು. ಆ ರಸ್ತೆ ನಿಮ್ಮ ಡಿಗ್ರಿ ಮುಗಿಯುವವರೆಗೆ ಇರುತ್ತದೆಂದು ನಾನು ಹೇಳಲಾರೆ.